ಗುಟ್ಟಹಳ್ಳಿಯ ವಾಸ

"ಮೇಷ್ಟ್ರೇ, ತಮ್ಮ ಮನೆ ಎಲ್ಲಿ?" ಎಂದು ಯಾರಾದರೂ ಕೇಳಿದರೆ, ಹನ್ನೆರಡು ಹದಿಮೂರು ವರ್ಷಗಳ ಹಿಂದಿನವರೆಗೂ ನಾನು ಕೊಡುತ್ತಿದ್ದ ಉತ್ತರ ಒಂದೇ: "ಬಸವನಗುಡಿಯ ಹತ್ತಿರ." ಇದು ಸುಳ್ಳಲ್ಲ. ಆದರೆ ಧರ್ಮರಾಯನು ಕುರುಕ್ಷೇತ್ರದಲ್ಲಿ ಆನೆಯ ಮಾತನ್ನು ಮೆಲ್ಲಗೆ ಹೇಳಿದನಂತಲ್ಲ, ಹಾಗೆ ನಾನು "ಹತ್ತಿರ" ಎಂಬುದನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದೆ. ಕೇಳಿದವರು "ಓಹೋ, ಬಸವನಗುಡಿಯೇ! ಒಳ್ಳೆಯ ಜಾಗ" ಎಂದು ತಲೆದೂಗುತ್ತಿದ್ದರು. ನಾನು ಅವರ ಸಂತೋಷಕ್ಕೆ ಅಡ್ಡಿಬರುತ್ತಿರಲಿಲ್ಲ.

ನಿಜವಾಗಿ ನಾನಿರುವುದು ಗವಿಪುರದ ಗುಟ್ಟಹಳ್ಳಿಯಲ್ಲಿ. ಬೆಂಗಳೂರಿನಲ್ಲಿ ಇಷ್ಟು ಹೇಳಿದರೆ ಸಾಲದು. ಆಟೋದವರನ್ನು ನಿಲ್ಲಿಸಿ "ಗುಟ್ಟಹಳ್ಳಿಗೆ ಬರ್ತೀರಾ?" ಎಂದರೆ, "ಯಾವ ಗುಟ್ಟಹಳ್ಳಿ, ಸಾರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಏಕೆಂದರೆ ಊರಿನ ಉತ್ತರಕ್ಕೆ, ಮಲ್ಲೇಶ್ವರದ ಮಗ್ಗುಲಲ್ಲಿ, ಇನ್ನೊಂದು ಗುಟ್ಟಹಳ್ಳಿ ಉಂಟು. ಅದನ್ನು ಪ್ಯಾಲೆಸ್ ಗುಟ್ಟಹಳ್ಳಿ ಎನ್ನುತ್ತಾರೆ. ಅದರ ಪಾಲಿಗೆ ಅರಮನೆ ಬಂತು. ನಮ್ಮ ಪಾಲಿಗೆ ಗವಿ.

ಕನ್ನಡ ಪಾಠ ಹೇಳುವವನಾದ್ದರಿಂದ ಹೆಸರಿನ ವಿಚಾರ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ, ದಯವಿಟ್ಟು ಸಹಿಸಿಕೊಳ್ಳಬೇಕು. ಗುಟ್ಟ ಎಂದರೆ ದಿಣ್ಣೆ, ಚಿಕ್ಕ ಗುಡ್ಡ. ದಿಣ್ಣೆಯ ಮೇಲಿನ ಹಳ್ಳಿ ಗುಟ್ಟಹಳ್ಳಿಯಾಯಿತು. ನನ್ನ ಮಗ ಚಿಕ್ಕವನಿದ್ದಾಗ ಇದನ್ನು ಗುಟ್ಟಿನ ಹಳ್ಳಿ ಎಂದುಕೊಂಡಿದ್ದ, "ಅಪ್ಪ, ಏನು ಗುಟ್ಟು?" ಎಂದು ಕೇಳುತ್ತಿದ್ದ. ಇನ್ನು ಗವಿ ಎಂಬುದು ಗುಹೆಯ ತದ್ಭವ. ಪಕ್ಕದ ಕೆರೆಯ ಹೆಸರು ಕೆಂಪಾಂಬುಧಿ. ಅಂಬುಧಿ ಎಂದರೆ ಕಡಲು. ಕನ್ನಡದ ಕೆಂಪನಿಗೂ ಸಂಸ್ಕೃತದ ಅಂಬುಧಿಗೂ ಗಂಟು ಹಾಕಿದ್ದು ಅರಿಸಮಾಸವೆಂದು ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದರೆ ನಾನು ಅಂಕ ಕೊಡುತ್ತೇನೆ. ಕೆರೆಯನ್ನು ಕಟ್ಟಿಸಿದವರಿಗೆ ಈ ಚಿಂತೆ ಇದ್ದಂತೆ ಕಾಣುವುದಿಲ್ಲ.

ಈ ಪ್ರದೇಶದ ಇರವು ಹೇಗೆಂದರೆ, ಪೂರ್ವಕ್ಕೆ ಬಸವನಗುಡಿ, ಉತ್ತರಕ್ಕೆ ಚಾಮರಾಜಪೇಟೆ, ತೆಂಕಲಿಗೆ ಹನುಮಂತನಗರ. ಎಲ್ಲವೂ ಹೆಸರಾದ ಬಡಾವಣೆಗಳು. ಚಾಮರಾಜಪೇಟೆ 1892ರಲ್ಲಿ ಹುಟ್ಟಿತು. ಬಸವನಗುಡಿಯನ್ನೂ ಅದೇ ದಶಕದಲ್ಲಿ ನೂಲು ಹಿಡಿದು, ಅಗಲವಾದ ರಸ್ತೆಗಳನ್ನು ಗುರುತಿಸಿ, ಸಾಲುಮರ ನೆಟ್ಟು ಬೆಳೆಸಿದರು. 1898ರಲ್ಲಿ ಪೇಟೆಗೆ ಪ್ಲೇಗು ಬಂದಮೇಲೆ ಜನ ಗಾಳಿಬೆಳಕನ್ನು ಹುಡುಕಿಕೊಂಡು ಇಂಥ ಬಡಾವಣೆಗಳಿಗೆ ಬಂದರು. ಗುಟ್ಟಹಳ್ಳಿಯನ್ನು ಯಾರೂ ಗುರುತಿಸಿ ಕಟ್ಟಲಿಲ್ಲ. ಅದು ಮೊದಲೇ ಅಲ್ಲಿತ್ತು. ಊರು ಬೆಳೆದು ಬಂದು ಅದನ್ನು ಸುತ್ತುವರಿಯಿತು, ಅಷ್ಟೆ. ಬೀದಿಗಳು ದನ ನಡೆದ ದಾರಿಯಂತೆ ಬಾಗಿ ಬಳುಕಿವೆ. ನಮ್ಮ ಓಣಿಯೊಂದರಲ್ಲಿ ಮದುವೆಯ ಚಪ್ಪರ ಹಾಕಿದರೆ ಎರಡೂ ಕಡೆಯ ಮನೆಯವರು ಚಪ್ಪರದ ಕೆಳಗೇ ಎದ್ದು ಹಲ್ಲುಜ್ಜಬೇಕು.

ಕಡಲೆಕಾಯಿ ಪರಿಷೆಯ ಕಥೆಯನ್ನು ನೀವು ಕೇಳಿರಬಹುದು. ಸುತ್ತಲಿನ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವ ರಾತ್ರಿ ಬಂದು ಮೇಯುತ್ತಿದ್ದನಂತೆ. ರೈತರು ಬೆನ್ನಟ್ಟಿ ಹೋದಾಗ ಗುಡ್ಡದ ಮೇಲೆ ಕಲ್ಲಾಗಿ ಕುಳಿತನಂತೆ. ಅಂದಿನಿಂದ ಮೊದಲ ಬೆಳೆಯನ್ನು ಅವನಿಗೇ ಒಪ್ಪಿಸುವ ಹರಕೆ. ಆ ಹಳ್ಳಿಗಳ ಹೆಸರನ್ನು ಹೇಳುವಾಗ ಸುಂಕೇನಹಳ್ಳಿ, ಮಾವಳ್ಳಿಗಳ ಜೊತೆಗೆ ಗವಿಪುರ, ಗುಟ್ಟಹಳ್ಳಿಗಳೂ ಬರುತ್ತವೆ. ಕಥೆಯಲ್ಲಿ ಕಡಲೆಕಾಯಿ ಕಳೆದುಕೊಂಡವರು ನಾವು. ಪರಿಷೆ ಬಸವನಗುಡಿಯದು!

ನಾನು ಇಲ್ಲಿಗೆ ಬಂದದ್ದು 1997ರಲ್ಲಿ, ಹಾಸನದ ಕಡೆಯ ಒಂದು ಶಾಲೆಯಿಂದ ಬೆಂಗಳೂರಿಗೆ ವರ್ಗವಾಗಿ. ಬಸವನಗುಡಿಯಲ್ಲಿಯೇ ಮನೆ ಹಿಡಿಯಬೇಕೆಂದು ಹದಿನೈದು ದಿನ ಅಲೆದೆ. ಬಾಡಿಗೆಯನ್ನು ಕೇಳಿ ಕೇಳಿ ಗುಡ್ಡ ಇಳಿದು, ಕಡೆಗೆ ಆರು ಮನೆಗಳ ಒಂದು ವಠಾರದಲ್ಲಿ ತಿಂಗಳಿಗೆ 1,200 ರೂಪಾಯಿಗೆ ಎರಡು ಕೋಣೆಯ ಮನೆ ಹಿಡಿದೆ. "ಒಂದು ವರ್ಷದ ಮಟ್ಟಿಗೆ" ಎಂದು ನಮ್ಮ ಮನೆಯವರಿಗೆ ಮಾತು ಕೊಟ್ಟಿದ್ದೆ. ಆ ವರ್ಷ ಇನ್ನೂ ಮುಗಿದಿಲ್ಲ.

ಇಲ್ಲಿಯ ಬೆಳಗು ಹೇಗಾಗುತ್ತದೆಂದು ಹೇಳುತ್ತೇನೆ. ಐದೂವರೆಗೆ ಹಾಲಿನ ಕ್ರೇಟುಗಳ ಸದ್ದು. ಅದಾದಮೇಲೆ ನೀರು ಬರುವ ದಿನವಾದರೆ ವಠಾರವೆಲ್ಲ ಕೊಡಗಳ ಸದ್ದು. ಆರೂವರೆಗೆ ಸೊಪ್ಪಿನ ಅಮ್ಮ. ಅವಳು ದಂಟು, ಸಬ್ಬಸಿಗೆ, ಕೀರೆ ಎಂದು ಕೂಗುವ ರಾಗ ಇಪ್ಪತ್ತು ವರ್ಷಗಳಿಂದ ಬದಲಾಗಿಲ್ಲ. ದರ ಮಾತ್ರ ಬದಲಾಗಿದೆ. ಅವಳ ಬುಟ್ಟಿಯನ್ನು ತಲೆಯಿಂದ ಇಳಿಸಲು ಒಬ್ಬರು ಕೈಕೊಡಬೇಕು. ಆ ಹೊತ್ತಿಗೆ ಹೊಸ್ತಿಲಲ್ಲಿ ಯಾರು ಇರುತ್ತಾರೋ ಅವರು ಕೈಕೊಡುತ್ತಾರೆ. ಅವರು ಸೊಪ್ಪು ಕೊಂಡುಕೊಳ್ಳಬೇಕೆಂಬ ನಿಯಮವೇನೂ ಇಲ್ಲ. ಎಂಟಕ್ಕೆ ತಿರುವಿನಲ್ಲಿ ಇಸ್ತ್ರಿಯವನು ಇದ್ದಿಲು ಕೆಂಪಗಾಗುವಂತೆ ಪೆಟ್ಟಿಗೆಯನ್ನು ಗಾಳಿಗೆ ಹಿಡಿಯುತ್ತಾನೆ. ಇವನ ವಿಚಾರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಇಸ್ತ್ರಿಯವನ ಗಾಡಿ ನಮ್ಮ ಬೀದಿಯ ಅಂಚೆಕಚೇರಿ ಇದ್ದಂತೆ. ಮನೆಗೆ ಬೀಗ ಹಾಕಿ ಹೋಗುವವರು ಬೀಗದ ಕೈಯನ್ನು ಅವನಲ್ಲಿ ಕೊಡುತ್ತಾರೆ. ಕೊರಿಯರಿನವನು ಬಾಗಿಲು ತಟ್ಟಿ ಸಾಕಾದರೆ ಲಕೋಟೆಯನ್ನು ಅವನಲ್ಲಿ ಬಿಡುತ್ತಾನೆ. ಯಾರ ಮಗಳು ಹೆರಿಗೆಗೆ ಬಂದಿದ್ದಾಳೆ, ಯಾರ ಮನೆಗೆ ಪಿಂಚಣಿ ಬಂದಿಲ್ಲ, ಯಾರು ಮೂರು ದಿನದಿಂದ ಅಂಗಿ ಕೊಟ್ಟಿಲ್ಲ, ಎಲ್ಲವೂ ಅವನಿಗೆ ಗೊತ್ತು. ಅಂಗಿ ಕೊಡದಿದ್ದರೆ ಅವನು ಮನೆಗೇ ಬಂದು ಕೇಳುತ್ತಾನೆ: "ಮೇಷ್ಟ್ರೇ, ಮೈ ಸರಿಯಿಲ್ಲವಾ?" ನಾನು ಮೊದಮೊದಲು ಇದನ್ನು ವ್ಯಾಪಾರದ ಜಾಣತನ ಎಂದುಕೊಂಡಿದ್ದೆ. ಅದು ನನ್ನ ಸಣ್ಣತನವೆಂದು ತಿಳಿಯುವುದಕ್ಕೆ ಬಹಳ ವರ್ಷ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ದೊಡ್ಡವರು ಇರಲಿಲ್ಲವೆಂದಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆ ಇದ್ದದ್ದು ಇಲ್ಲಿಯೇ ಮೇಲುಗಡೆ, ಗವಿಪುರ ಬಡಾವಣೆಯಲ್ಲಿ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯ ಗೌರವ ಬಂದಾಗಲೂ ಅವರು ಅಲ್ಲಿಯೇ ಇದ್ದರು, 1986ರಲ್ಲಿ ತೀರಿಕೊಂಡರು. ನಾನು ಬಂದದ್ದು ಅವರು ಹೋಗಿ ಹನ್ನೊಂದು ವರ್ಷಕ್ಕೆ. ಕೊಡೆ ಹಿಡಿದು ಅವರು ಸಂಜೆ ಕ್ಲಬ್ಬಿಗೆ ನಡೆದುಹೋಗುತ್ತಿದ್ದುದನ್ನು ಕಂಡವರು ನಮ್ಮ ವಠಾರದಲ್ಲಿಯೇ ಒಬ್ಬರಿದ್ದರು. ಅವರು ಮಾಸ್ತಿಯವರ ಒಂದು ಕಥೆಯನ್ನೂ ಓದಿದವರಲ್ಲ. "ಎದುರಿಗೆ ಬಂದರೆ ಮೊದಲು ಅವರೇ ಕೈಮುಗಿಯುತ್ತಿದ್ದರು" ಎಂದಷ್ಟೆ ಹೇಳುತ್ತಿದ್ದರು.

ಇಷ್ಟು ಕೇಳಿ, "ಈ ಮೇಷ್ಟರು ತಮ್ಮ ಕೊಂಪೆಯನ್ನು ಸ್ವರ್ಗ ಮಾಡಲು ಹೊರಟಿದ್ದಾರೆ" ಎಂದು ನೀವು ನಗಬಹುದು. ಆದ್ದರಿಂದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಕೆಂಪಾಂಬುಧಿ ಕೆರೆಯ ಮಾತನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಹಳೆಯ ಕೆರೆಗಳಲ್ಲಿ ಧರ್ಮಾಂಬುಧಿ ಬತ್ತಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಊರಿನ ಕಣ್ಣು ಬಿದ್ದ ಕೆರೆಗಳು ಹಾಗೆ ಹೋದವು. ನಮ್ಮದು ಉಳಿಯಿತು. ಆದರೆ ಹೇಗೆ ಉಳಿಯಿತು? ಸುತ್ತಲಿನ ಬಡಾವಣೆಗಳ ಕೊಳಚೆಯನ್ನು ಕುಡಿದುಕೊಂಡು ಉಳಿಯಿತು. ತಗ್ಗಿನಲ್ಲಿರುವವರ ಪಾಡು ಇದು. ಮೇಲಿನವರ ಮನೆಯ ನೀರೆಲ್ಲ ವೃಷಭಾವತಿಯ ಕಣಿವೆಗೆ ಇಳಿಯುವಾಗ ಇಲ್ಲಿಗೆ ಬಂದೇ ಹೋಗಬೇಕು. ಬೇಸಗೆಯ ಕೆಲವು ಸಂಜೆ ಗಾಳಿ ಪಡುವಣದಿಂದ ಬೀಸಿದರೆ ಕಿಟಕಿ ಮುಚ್ಚಿಕೊಳ್ಳಬೇಕು. ಕೆರೆಯ ಬಳಿ ಬಂಡೆಯ ಮೇಲೆ ಒಂದು ಗೋಪುರವಿದೆ. ಕೆಂಪೇಗೌಡರ ಗೋಪುರಗಳೆಂದು ಹೆಸರಾದ ನಾಲ್ಕರಲ್ಲಿ ಅದೂ ಒಂದು. ಲಾಲ್‌ಬಾಗಿನದಕ್ಕೆ ದೂರದೂರದಿಂದ ಬಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ನಮ್ಮದರ ಹತ್ತಿರ ಹುಡುಗರು ಚೆಂಡಾಡುತ್ತಾರೆ, ಮುದುಕರು ಕುಳಿತು ಗಾಳಿ ತೆಗೆದುಕೊಳ್ಳುತ್ತಾರೆ, ಆ ಗಾಳಿ ಒಳ್ಳೆಯದಾಗಿದ್ದರೆ.

ಇನ್ನೊಂದು ಕೊರತೆ ಓಣಿಯದು. 2013ರ ಮಳೆಗಾಲದಲ್ಲಿ ಒಂದು ರಾತ್ರಿ, ಎರಡು ಗಂಟೆಯ ಸುಮಾರಿಗೆ, ನನ್ನ ತಾಯಿಗೆ ಎದೆನೋವು ಬಂತು. ಆಂಬುಲೆನ್ಸಿಗೆ ಹೇಳಿಕಳುಹಿಸಿದೆವು. ಅದು ಬೇಗನೆ ಬಂತು. ಆದರೆ ತಿರುವಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಸ್ಕೂಟರುಗಳು ನಿಂತಿದ್ದವು. ಅವು ಇಲ್ಲದಿದ್ದರೂ ಆ ಗಾಡಿ ಒಳಗೆ ತಿರುಗುತ್ತಿರಲಿಲ್ಲ. ಸ್ಟ್ರೆಚರನ್ನು ವಠಾರದ ಬಾಗಿಲಿನ ಮೂಲೆಯಲ್ಲಿ ತಿರುಗಿಸಲು ಆಗಲಿಲ್ಲ. ನಾನು ಏನು ಮಾಡಬೇಕೆಂದು ತೋರದೆ ನಿಂತಿದ್ದೆ. ಆ ಮಳೆಯಲ್ಲಿ ಇಸ್ತ್ರಿಯವನು ಎಲ್ಲಿಂದ ಎದ್ದು ಬಂದನೋ ತಿಳಿಯದು. ಎದುರು ಮನೆಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು, ತಾಯಿಯನ್ನು ಕೂರಿಸಿ, ತನ್ನ ಗಾಡಿಯ ಮೇಲಿನ ಕಂಬಳಿಯನ್ನು ಹೊದಿಸಿ, ಇನ್ನು ಮೂವರನ್ನು ಕರೆದು, ನಾಲ್ಕು ಜನ ನಾಲ್ಕು ಕಾಲು ಹಿಡಿದು ಎತ್ತಿಕೊಂಡು ಹೊರಟೇಬಿಟ್ಟರು. ಒಬ್ಬ ಹುಡುಗ ಮುಂದೆ ಓಡುತ್ತ ಸ್ಕೂಟರುಗಳನ್ನು ಪಕ್ಕಕ್ಕೆ ಎಳೆಯುತ್ತಿದ್ದ. "ಅಜ್ಜಿ, ಗಟ್ಟಿಯಾಗಿ ಹಿಡ್ಕೊಳ್ಳಿ, ಉತ್ಸವ ಹೊರಟಿದೆ" ಎಂದು ಇಸ್ತ್ರಿಯವನು ಹೇಳಿದ್ದು, ನನ್ನ ತಾಯಿ ಆ ನೋವಿನಲ್ಲೂ ನಕ್ಕದ್ದು, ಎರಡೂ ನನ್ನ ಕಿವಿಯಲ್ಲಿ ಈಗಲೂ ಇವೆ. ಆಕೆ ಅನಂತರ ಮೂರು ವರ್ಷ ಬದುಕಿದ್ದರು.

ಮರುವಾರ ಶಾಲೆಯಲ್ಲಿ ಹೊಸದಾಗಿ ಬಂದ ಉಪಾಧ್ಯಾಯರೊಬ್ಬರು ಮನೆ ಎಲ್ಲಿ ಎಂದು ಕೇಳಿದರು. "ಗುಟ್ಟಹಳ್ಳಿ" ಎಂದೆ. "ಹತ್ತಿರ" ಎಂಬ ಮಾತನ್ನು ಬಿಟ್ಟದ್ದು ಅಂದಿನಿಂದ.

ನನ್ನ ಮಗ ಈ ಕಥೆಯನ್ನು ಬೇರೆ ರೀತಿ ಓದುತ್ತಾನೆ. "ಅಪ್ಪ, ರಸ್ತೆ ಅಗಲವಾಗಿದ್ದರೆ ಕುರ್ಚಿಯೇ ಬೇಕಾಗುತ್ತಿರಲಿಲ್ಲವಲ್ಲ" ಎನ್ನುತ್ತಾನೆ. ಅವನ ಮಾತು ಸರಿ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಅವನು ಕನಕಪುರ ರಸ್ತೆಯಲ್ಲಿ ಒಂದು ಫ್ಲ್ಯಾಟು ಕೊಂಡಿದ್ದಾನೆ. ಒಂಬತ್ತನೆಯ ಅಂತಸ್ತು, ಲಿಫ್ಟು, ಇಪ್ಪತ್ತುನಾಲ್ಕು ಗಂಟೆ ನೀರು, ಬಾಗಿಲಲ್ಲಿ ಕಾವಲುಗಾರ, ಆಂಬುಲೆನ್ಸು ಮಹಡಿಯ ಬುಡಕ್ಕೇ ಬರುತ್ತದೆ. ನಮಗೆಂದು ಒಂದು ಕೋಣೆಯನ್ನು ಸಿದ್ಧಮಾಡಿದ್ದಾನೆ. ನಾವು ಹೋಗಿ ವಾರಗಟ್ಟಲೆ ಇದ್ದು ಬಂದದ್ದೂ ಉಂಟು. ಅಲ್ಲಿಯ ಜನ ಕೆಟ್ಟವರೇನಲ್ಲ. ಲಿಫ್ಟಿನಲ್ಲಿ ಎದುರಾದರೆ ನಗುತ್ತಾರೆ. ಆದರೆ ನಾನು ಮೂರು ದಿನ ಹೊರಗೆ ಕಾಣಿಸದಿದ್ದರೆ ಬಂದು ಬಾಗಿಲು ತಟ್ಟುವ ಕಾರಣ ಅವರಿಗಿಲ್ಲ.

ಈಗ ಗವಿಯ ಮಾತಿಗೆ ಬರುತ್ತೇನೆ. ಗವಿ ಗಂಗಾಧರೇಶ್ವರನ ಗುಡಿ ನಮ್ಮ ಮನೆಯಿಂದ ಐದು ನಿಮಿಷದ ನಡಿಗೆ. ಬಂಡೆಯನ್ನು ಕೊರೆದ ತಗ್ಗಾದ ಗವಿ. ಪ್ರದಕ್ಷಿಣೆ ಬರಬೇಕಾದರೆ ಎಂಥ ಅಧಿಕಾರಿಯೂ ನಡು ಬಗ್ಗಿಸಬೇಕು. ಅಂಗಳದಲ್ಲಿ ಕಲ್ಲಿನ ದೊಡ್ಡ ಕಂಬಗಳು: ಒಂದು ತ್ರಿಶೂಲ, ಒಂದು ಡಮರು, ಇನ್ನೆರಡು ಬಿಸಣಿಗೆಯಂಥ ದುಂಡು ತಟ್ಟೆಗಳು. ಇವಕ್ಕೆ ಸೂರ್ಯಪಾನ, ಚಂದ್ರಪಾನ ಎಂದು ಹೆಸರು. ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ಕಿಟಕಿಯಿಂದ ಒಳಬಂದು, ನಂದಿಯ ಕೊಂಬುಗಳ ನಡುವೆ ಹಾದು, ಗವಿಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಇದು ನಾಡಿಗೆಲ್ಲ ತಿಳಿದ ವಿಷಯ. ಅಂದು ನಮ್ಮ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ದೂರದರ್ಶನದವರು, ಪತ್ರಿಕೆಯವರು, ಪೊಲೀಸರು, ಹೂವಿನವರು, ಕಬ್ಬಿನವರು. 2021ರ ಸಂಕ್ರಾಂತಿಯಂದು ಮೋಡ ಕವಿದು ಬೆಳಕು ಕಾಣಿಸದೆ ಹೋದಾಗ ಅದೇ ಒಂದು ದೊಡ್ಡ ಸುದ್ದಿಯಾಯಿತು. ಮಾರನೆಯ ದಿನಕ್ಕೆ ಬೀದಿಯಲ್ಲಿ ಕಬ್ಬಿನ ಸಿಪ್ಪೆ ಮಾತ್ರ ಉಳಿಯುತ್ತದೆ. ಮುಂದಿನ ಸಂಕ್ರಾಂತಿಯವರೆಗೆ ಗವಿಪುರವನ್ನು ಕೇಳುವವರಿಲ್ಲ.

ಆದರೆ ಒಂದು ವಿಚಾರ ನೋಡಿ. ಸೂರ್ಯನು ತೆಂಕಣಕ್ಕೆ ಸರಿಯುತ್ತ ಹೋಗಿ, ಡಿಸೆಂಬರ್ 21 ಅಥವಾ 22ರ ಸುಮಾರಿಗೆ ಕೊನೆಯನ್ನು ಮುಟ್ಟಿ, ಅಲ್ಲಿಂದ ಹಿಂದಿರುಗುತ್ತಾನೆ. ಸಂಕ್ರಾಂತಿ ಬರುವುದು ಆ ತಿರುವಿನ ಸುಮಾರು ಇಪ್ಪತ್ತನಾಲ್ಕು ದಿನಗಳ ಅನಂತರ. ಹಾಗಾದರೆ ತಿರುವಿಗೆ ಇಪ್ಪತ್ತನಾಲ್ಕು ದಿನ ಮೊದಲು, ಅಂದರೆ ನವೆಂಬರ್ ಕೊನೆಯಲ್ಲಿ, ಅವನು ಹೋಗುವ ದಾರಿಯಲ್ಲಿ ಅದೇ ಸ್ಥಳದಲ್ಲಿ ಮುಳುಗಿರಲೇಬೇಕು. ಆಗಲೂ ಬೆಳಕು ಗವಿಗೆ ಬರಬೇಕಲ್ಲವೇ? ಬರುತ್ತದೆ. ತಾರಾಲಯದ ಬಿ. ಎಸ್. ಶೈಲಜಾ ಅವರೂ ಅವರ ಸಂಗಡಿಗರೂ ಈ ಗುಡಿಯನ್ನು ಅಳೆದು ನೋಡಿ 2008ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಎರಡನೆಯ ಬೆಳಕಿನ ದಿನಗಳನ್ನೂ ಹೇಳಿದ್ದಾರೆ: ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ. ಆಂಗ್ಲ ಚಿತ್ರಕಾರರಾದ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ 1792ರಲ್ಲಿ ಬರೆದ ಚಿತ್ರಗಳನ್ನು ಇಟ್ಟುಕೊಂಡು, ಆಗ ಗುಡಿಯ ಮುಂದೆ ಈಗಿನಷ್ಟು ಕಟ್ಟಡ ಇರಲಿಲ್ಲವೆಂದೂ ಅವರು ತೋರಿಸಿದ್ದಾರೆ.

ಈ ಲೇಖನದ ಸಂಗತಿಯನ್ನು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಹೇಳಿದಾಗ ನಾನು ಬಹಳ ಉತ್ಸಾಹದಿಂದ ಬಂದು ಇಸ್ತ್ರಿಯವನಿಗೆ ತಿಳಿಸಿದೆ. ಅವನು ಅಂಗಿಯ ಕಾಲರನ್ನು ಒತ್ತುತ್ತ, "ಗೊತ್ತಲ್ಲ ಮೇಷ್ಟ್ರೇ, ಪರಿಷೆ ಹೊತ್ತಿಗೂ ಬರುತ್ತೆ" ಎಂದ. ಅವನ ತಾಯಿ ಚಿಕ್ಕಂದಿನಲ್ಲಿ ಅವನನ್ನು ಕರೆದುಕೊಂಡು ಹೋಗಿ ತೋರಿಸಿದ್ದಳಂತೆ. ಹತ್ತು ವರ್ಷ ಅಲ್ಲಿ ಬಾಡಿಗೆ ಕೊಟ್ಟುಕೊಂಡಿದ್ದರೂ ಈ ಗುಟ್ಟು ನನಗೆ ತಿಳಿದಿರಲಿಲ್ಲ; ನಾನು ಅಷ್ಟು ದಿನವೂ ಮನಸ್ಸಿನಲ್ಲಿ "ಬಸವನಗುಡಿಯ ಹತ್ತಿರ"ವೇ ವಾಸಮಾಡುತ್ತಿದ್ದೆನಲ್ಲವೇ?

ಅಂದಿನಿಂದ ಪ್ರತಿ ವರ್ಷ ನವೆಂಬರ್ ಕೊನೆಯ ವಾರ ನಾವು ಹೋಗುತ್ತೇವೆ. ಕೆಲವು ವರ್ಷ ಕಾರ್ತಿಕದ ಕಡೆಯ ಸೋಮವಾರ ಆ ಸುಮಾರಿಗೇ ಬೀಳುತ್ತದೆ. ಆಗ ಮೇಲೆ ದೊಡ್ಡ ಬಸವಣ್ಣನ ಬೀದಿಯಲ್ಲಿ ಲಕ್ಷ ಜನ. ಪೀಪಿಯ ಸದ್ದು ಇಲ್ಲಿಯವರೆಗೂ ಕೇಳುತ್ತದೆ. ಗವಿಯಲ್ಲಿ ಹನ್ನೆರಡು ಹದಿನೈದು ಮಂದಿ. ಮೋಡವಿಲ್ಲದಿದ್ದರೆ ಸಂಜೆ ಒಂದು ಗೀಟಿನಷ್ಟು ಬೆಳಕು ಕಲ್ಲಿನ ನೆಲದ ಮೇಲೆ ಹರಿದು ಬರುತ್ತದೆ. ಯಾರೂ ನೂಕುವುದಿಲ್ಲ, ಯಾರೂ ಫೋನು ಎತ್ತಿ ಹಿಡಿಯುವುದಿಲ್ಲ ಎಂದು ಹೇಳಲಾರೆ, ಒಬ್ಬಿಬ್ಬರು ಹಿಡಿಯುತ್ತಾರೆ. ಕೆಲವು ನಿಮಿಷ ಇದ್ದು ಬೆಳಕು ಹೋಗುತ್ತದೆ. ಸೊಪ್ಪಿನ ಅಮ್ಮ ಮಂಗಳಾರತಿ ತೆಗೆದುಕೊಂಡು, "ನಾಳೆ ಮೆಂತ್ಯ ತರ್ತೀನಿ" ಎಂದು ನಮ್ಮ ಮನೆಯವರಿಗೆ ಹೇಳಿ ಹೊರಡುತ್ತಾಳೆ.

ಕಳೆದ ತಿಂಗಳು ವಠಾರದ ಮಾಲೀಕರು ಬಂದಿದ್ದರು. ಅವರು ಹುಟ್ಟಿ ಬೆಳೆದದ್ದು ಇದೇ ವಠಾರದಲ್ಲಿ. ಮದುವೆಯಾದಮೇಲೆ ಜಯನಗರಕ್ಕೆ ಹೋದವರು. ಒಳ್ಳೆಯ ಮನುಷ್ಯ, ಇಷ್ಟು ವರ್ಷದಲ್ಲಿ ಬಾಡಿಗೆಗಾಗಿ ಒಂದು ಬಿರುನುಡಿ ಆಡಿದವರಲ್ಲ. ಆರು ಮನೆಗಳನ್ನೂ ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸಬೇಕೆಂದಿದ್ದಾರೆ. ಅದು ಅವರ ಹಕ್ಕು. ಗೋಡೆಗಳೂ ಮಳೆಗೆ ತೊಯ್ದು ತೊಯ್ದು ದುರ್ಬಲವಾಗಿವೆ. ಗಣಪತಿ ಹಬ್ಬ ಕಳೆದೊಡನೆ ಬಿಟ್ಟುಕೊಡಬೇಕೆಂದು ಕೇಳಿದರು. ಹಿಂದೆ ಕೊಟ್ಟಿದ್ದ ಮುಂಗಡದ ಹಣವನ್ನು ಮಾತೆತ್ತುವ ಮೊದಲೇ ಲಕೋಟೆಯಲ್ಲಿ ತಂದಿದ್ದರು. ನಾನು ಲಕೋಟೆಯನ್ನು ತೆಗೆದುಕೊಳ್ಳದೆ, "ಡಿಸೆಂಬರ್ ಮೊದಲ ವಾರದವರೆಗೆ ಅವಕಾಶ ಕೊಡಿ" ಎಂದೆ.

"ಮಗನ ಮನೆ ಸಿದ್ಧವಾಗಿದೆಯಲ್ಲ ಮೇಷ್ಟ್ರೇ, ಡಿಸೆಂಬರ್ ಏಕೆ?" ಎಂದು ಅವರು ಕೇಳಿದರು.

ನಾನು ನವೆಂಬರಿನ ಬೆಳಕಿನ ವಿಚಾರ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಸಂಕ್ರಾಂತಿಗೆ ಅಲ್ಲವೇ?" ಎಂದರು. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಗೋಲಿಯಾಡಿದವರು! ಮತ್ತೆ ಇಪ್ಪತ್ತನಾಲ್ಕು ದಿನಗಳ ಲೆಕ್ಕವನ್ನು, ತರಗತಿಯಲ್ಲಿ ಹೇಳುವಂತೆ, ನೆಲದ ಮೇಲೆ ಗೀಟು ಎಳೆದು ತೋರಿಸಿದೆ. ಲಕೋಟೆಯನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲಿನ ಹತ್ತಿರ ನಿಂತು, "ಆ ವಾರ ಎಷ್ಟು ಗಂಟೆಗೆ ಬಂದರೆ ಸಿಕ್ಕುತ್ತದೆ?" ಎಂದು ಕೇಳಿದರು.

ಐದು ಗಂಟೆಗೆ ಇಸ್ತ್ರಿಯವನ ಗಾಡಿಯ ಹತ್ತಿರ ಬನ್ನಿ, ಎಲ್ಲರೂ ಕೂಡಿಯೇ ಹೋಗೋಣ ಎಂದು ಹೇಳಿದ್ದೇನೆ.